‘ಎನ್ನಲಾಗಿದೆ’ ಅಂದವರು ಯಾರು?

ಕಳೆದ ವಾರ ರಾತ್ರಿ ಎಂಟೂವರೆ ಹೊತ್ತಿಗೆ ಬೇಲೂರು ಕಡೆಯಿಂದ ಒಂದು ಸುದ್ದಿ ಬಂತು. ಕಳಿಸಿದ್ದು ನಮ್ಮಲ್ಲಿ ಹೊಸದಾಗಿ ಸೇರಿರುವ ಹುಡುಗಿ. ಡಿಗ್ರಿಯಲ್ಲಿ ಪತ್ರಿಕೋದ್ಯಮ ಓದಿದ್ದಾಳೆ, ಚುರುಕಾಗಿದ್ದಾಳೆ, ಸ್ಕೂಟಿ ಹತ್ತಿ ಹೊರಟರೆ ಮಳೆ ಗಿಳೆ ನೋಡುವವಳಲ್ಲ. ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಿದ್ದ ಹೆಂಗಸಿನ ಮೇಲೆ ಕಾಡಾನೆ ಎರಗಿದ ಸುದ್ದಿ ಅದು. ಒಟ್ಟು ಹನ್ನೊಂದು ವಾಕ್ಯ. ಅದರಲ್ಲಿ ಮೂರು ‘ಎನ್ನಲಾಗಿದೆ’. ಬೆಳಗ್ಗೆ ಏಳೂವರೆಗೆ ಘಟನೆ ನಡೆದಿದೆ ಎನ್ನಲಾಗಿದೆ. ದಾಳಿ ಮಾಡಿದ್ದು ಒಂಟಿ ಸಲಗ ಎನ್ನಲಾಗಿದೆ. ಆನೆ ಹತ್ತಿರದಲ್ಲೇ ಇದೆ ಅಂತ ಅರಣ್ಯ ಇಲಾಖೆಯ ಮೆಸೇಜ್ ಬಂದಿದ್ದರೂ ಕೂಲಿಯವರನ್ನು ಕೆಲಸಕ್ಕೆ ಕಳಿಸಲಾಗಿತ್ತು ಎನ್ನಲಾಗಿದೆ.

ಫೋನ್ ಮಾಡಿ ‘ಯಾರಮ್ಮ ಅಂದಿದ್ದು?’ ಅಂತ ಕೇಳಿದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ‘ಯಾವುದು ಅಕ್ಕ?’ ಅಂದಳು. ‘ಮೂರೂ’ ಅಂದೆ.

ಆ ಒಂದು ಕ್ಷಣದ ಮೌನ ನನಗೆ ಚೆನ್ನಾಗಿ ಗೊತ್ತು. ಅದೇ ಪ್ರಶ್ನೆಗೆ ನಾನೂ ಹಾಗೇ ನಿಂತಿದ್ದೆ. ಅವತ್ತಿನಿಂದ ಇದೇ ತಲೆಯಲ್ಲಿ ಕೊರೀತಾ ಇದೆ. ಹೊಸಬರು ಬಂದಾಗಲೆಲ್ಲ ಲೀಡ್, ಅಂದರೆ ಸುದ್ದಿಯ ಮೊದಲ ವಾಕ್ಯ, ಹೇಗೆ ಬರೀಬೇಕು, ತಲೆಬರಹ ಹೇಗೆ ಕೊಡಬೇಕು ಅಂತ ಹೇಳಿಕೊಡುತ್ತೇವೆ. ಆದರೆ ಸುದ್ದಿ ಬರೆಯಲು ಕಲಿಯೋದು ಅಂದ್ರೆ ಮೊದಲು ಕೇಳಲು ಕಲಿಯೋದು ಅನ್ನುವುದನ್ನ ಯಾಕೆ ಅಷ್ಟು ಒತ್ತಿ ಹೇಳುವುದಿಲ್ಲ? ವಾಕ್ಯ ಸಡಿಲವಾಗಿರುವ ಕಡೆ ನೋಡಿ, ಹತ್ತಕ್ಕೆ ಒಂಬತ್ತು ಸಲ ಅಲ್ಲಿ ಭಾಷೆಯ ತೊಂದರೆ ಇರುವುದಿಲ್ಲ. ಕೇಳದೇ ಬಿಟ್ಟ ಒಂದು ಪ್ರಶ್ನೆ ಇರುತ್ತದೆ.

ಕೆಂಪು ಪೆನ್ನು

ನಾನು ಕೆಲಸಕ್ಕೆ ಸೇರಿದ್ದು 2008ರಲ್ಲಿ, ಹಾಸನದ ಒಂದು ಸಣ್ಣ ದಿನಪತ್ರಿಕೆಗೆ. ಕೆಳಗೆ ಪ್ರಿಂಟಿಂಗ್ ಮೆಷಿನ್, ಮೇಲೆ ನಾವು. ರಾತ್ರಿ ಮೆಷಿನ್ ಶುರುವಾದರೆ ಟೇಬಲ್ ಮೇಲಿನ ಟೀ ಲೋಟ ಸಣ್ಣಗೆ ನಡುಗುತ್ತಿತ್ತು. ಸುದ್ದಿ ತಿದ್ದುವ ಡೆಸ್ಕಿನಲ್ಲಿ ಒಬ್ಬರು ಹಿರಿಯರಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಬಂದ ಕಾಪಿಯನ್ನೆಲ್ಲ, ಅಂದರೆ ವರದಿಗಾರರು ಬರೆದು ಕೊಟ್ಟಿದ್ದನ್ನೆಲ್ಲ, ಅವರು ಮೆಲ್ಲಗೆ ಬಾಯಲ್ಲಿ ಓದಿಕೊಳ್ಳುತ್ತಿದ್ದರು. ಎಲ್ಲಿ ಓದು ನಿಂತಿತೋ ಅಲ್ಲಿಗೆ ಕೆಂಪು ಪೆನ್ನು ಇಳಿಯುತ್ತಿತ್ತು.

ಸೇರಿ ಮೂರನೇ ವಾರ ಇರಬೇಕು. ಬಿ.ಎಂ. ರಸ್ತೆಯಲ್ಲಿ ರಾತ್ರಿ ಒಂದು ಅಪಘಾತ. ಬೈಕಿನಲ್ಲಿದ್ದ ಹುಡುಗ ತೀರಿಕೊಂಡಿದ್ದ. ಮಾರನೇ ದಿನ ಬೆಳಗ್ಗೆ ನಾನು ಜಾಗಕ್ಕೆ ಹೋಗಿ ಅಲ್ಲಿದ್ದವರನ್ನ ಮಾತಾಡಿಸಿಕೊಂಡು ಬಂದು ಬರೆದೆ. ಕೊನೆಯ ಸಾಲು ಹೀಗಿತ್ತು: ‘ಅತಿವೇಗವೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ.’ ಆ ಸಾಲಿನ ಬಗ್ಗೆ ನನಗೆ ಒಳಗೊಳಗೇ ಖುಷಿಯಿತ್ತು. ಪೇಪರಿನಲ್ಲಿ ಬರುವ ಸುದ್ದಿಯ ಹಾಗೇ ಇದೆಯಲ್ಲ ಅಂತ.

ಮೇಷ್ಟ್ರು ಆ ಸಾಲಿಗೆ ಬಂದು ನಿಂತರು. ‘ಯಾರಮ್ಮ ಅಂದಿದ್ದು?’

‘ಅಲ್ಲಿ ಎಲ್ರೂ ಅಂತಿದ್ರು ಸರ್.’

‘ಎಲ್ರೂ ಬೇಡ. ಒಬ್ಬರ ಹೆಸರು ಹೇಳು.’

ನನ್ನ ಹತ್ತಿರ ಒಂದೂ ಹೆಸರಿರಲಿಲ್ಲ. ಟೀ ಅಂಗಡಿಯ ಮುಂದೆ ನಿಂತಿದ್ದ ನಾಲ್ಕು ಜನ ‘ಸ್ಪೀಡಾಗಿ ಬಂದಿರ್ತಾನೆ ಬಿಡಿ, ಈಗಿನ್ ಹುಡುಗ್ರು’ ಅಂದಿದ್ದರು. ಅವರ್ಯಾರೂ ಅಪಘಾತ ನೋಡಿದವರಲ್ಲ. ಮೇಷ್ಟ್ರು ಬೈಯಲಿಲ್ಲ. ‘ಆ ಹುಡುಗನ ಅಪ್ಪ ನಾಳೆ ಬೆಳಗ್ಗೆ ಇದನ್ನ ಓದ್ತಾರೆ ಕಣಮ್ಮ. ಸ್ಟೇಷನ್ನಿಗೆ ಹೋಗಿ ಕೇಳ್ಕೊಂಡು ಬಾ’ ಅಂದರು. ಆಗಲೇ ಸಂಜೆ ಏಳು ಗಂಟೆ. ಆಟೋ ಹತ್ತಿ ಹೋದೆ. ಅಲ್ಲಿ ಗೊತ್ತಾಗಿದ್ದು ಇಷ್ಟು: ಕೆಟ್ಟು ನಿಂತಿದ್ದ ಒಂದು ಲಾರಿ, ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಒಂದು ಸೊಪ್ಪಿನ ಕೊಂಬೆಯನ್ನೂ ರಸ್ತೆಗೆ ಇಟ್ಟಿರಲಿಲ್ಲ. ಹುಡುಗ ಕತ್ತಲಲ್ಲಿ ಅದಕ್ಕೆ ಹೋಗಿ ಗುದ್ದಿದ್ದಾನೆ. ದೂರು ದಾಖಲಾಗಿದ್ದು ಲಾರಿ ಚಾಲಕನ ಮೇಲೆ. ಹುಡುಗ ಎಷ್ಟು ವೇಗದಲ್ಲಿದ್ದ ಅಂತ ಯಾರಿಗೂ ಗೊತ್ತಿರಲಿಲ್ಲ.

ವಾಪಸ್ ಬಂದು ಆ ಸಾಲು ಹೊಡೆದು ಹಾಕಿದೆ. ಆ ಜಾಗದಲ್ಲಿ ಲಾರಿಯ ವಿಷಯ ಬರೆದೆ. ಸುದ್ದಿ ಎರಡು ಸಾಲು ಉದ್ದವಾಯಿತು. ಮೇಷ್ಟ್ರು ಓದಿ ಪಕ್ಕಕ್ಕಿಟ್ಟರು, ಮತ್ತೇನೂ ಹೇಳಲಿಲ್ಲ. ಮನೆಗೆ ಹೋದ ಮೇಲೂ ನನಗೆ ಆ ಅಪ್ಪನದ್ದೇ ಯೋಚನೆ. ಮಗನನ್ನು ಕಳೆದುಕೊಂಡು ಎರಡು ದಿನ ಆಗುವುದರೊಳಗೆ, ಮಗನದ್ದೇ ತಪ್ಪು ಅಂತ ಊರಿಗೆಲ್ಲ ಹಂಚುವ ಕಾಗದದಲ್ಲಿ ಓದಬೇಕಾಗುತ್ತಿತ್ತು ಅವರು. ಅದೂ ಯಾರೂ ಹೇಳದೇ ಇದ್ದ ಮಾತು.

ಅಂತೆ ಕಂತೆ

ಈ ‘ಎನ್ನಲಾಗಿದೆ’ ಅನ್ನುವ ಪದವನ್ನ ಸ್ವಲ್ಪ ಬಿಡಿಸಿ ನೋಡಿ. ಶಾಲೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಕಲಿತಿದ್ದೇವಲ್ಲ. ರಾಮನು ಮರವನ್ನು ಕಡಿದನು, ರಾಮನಿಂದ ಮರವು ಕಡಿಯಲ್ಪಟ್ಟಿತು. ಎರಡನೇ ವಾಕ್ಯ ಎಷ್ಟೇ ಒರಟಾಗಿದ್ದರೂ ರಾಮ ಅಲ್ಲೇ ಇದ್ದಾನೆ, ‘ರಾಮನಿಂದ’ ಅಂತ. ಸುದ್ದಿಯಲ್ಲಿ ನಾವು ರಾಮನನ್ನೇ ಬಿಟ್ಟುಬಿಟ್ಟೆವು. ಎನ್ನಲಾಗಿದೆ, ತಿಳಿದುಬಂದಿದೆ, ಹೇಳಲಾಗುತ್ತಿದೆ, ಮೂಲಗಳು ತಿಳಿಸಿವೆ. ಯಾರಿಂದ ಎನ್ನಲಾಗಿದೆ? ಯಾರಿಗೆ ತಿಳಿದುಬಂದಿದೆ? ಮನೆಯಲ್ಲಿ ನಾವ್ಯಾರೂ ಹೀಗೆ ಮಾತಾಡುವುದಿಲ್ಲ. ಮನೆಯಲ್ಲಿ ನಮಗಿರುವುದು ‘ಅಂತೆ’. ಮಳೆ ಬರುತ್ತಂತೆ, ಅವರ ಮಗಳಿಗೆ ಗಂಡು ಗೊತ್ತಾಯ್ತಂತೆ. ನಮ್ಮಮ್ಮ ಹಾಗೆ ಅಂದ ತಕ್ಷಣ ಅಪ್ಪ ಪೇಪರಿಂದ ತಲೆ ಎತ್ತಿ ‘ಯಾರು ಹೇಳಿದ್ರು?’ ಅಂತ ಕೇಳುತ್ತಿದ್ದರು. ಅಮ್ಮನ ಹತ್ತಿರ ಯಾವಾಗಲೂ ಉತ್ತರ ಇರುತ್ತಿತ್ತು. ಹಾಲು ಹಾಕೋಕೆ ಹೋದಾಗ ಡೈರಿ ಹತ್ರ ಇಂಥವರು ಸಿಕ್ಕಿದ್ರು, ಅವರು ಹೇಳಿದ್ರು ಅಂತ. ಅಡುಗೆಮನೆಯ ಸುದ್ದಿಗೆ ಇರುವ ಈ ಶಿಸ್ತು ಅಚ್ಚಾಗುವ ಸುದ್ದಿಗೆ ಬೇಡವಾ?

ಹಾಸನಾಂಬೆಯ ಬಾಗಿಲು ತೆಗೆಯುವ ದಿನಗಳಲ್ಲಿ ಇದು ತುಂಬಾ ಕಣ್ಣಿಗೆ ಬೀಳುತ್ತದೆ. ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ತೆರೆಯುವ ಗುಡಿ, ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ ಅನ್ನುವ ಮಾತು ನಮಗೆಲ್ಲ ಗೊತ್ತೇ ಇದೆ. ಅದನ್ನ ‘ದೀಪ ಉರಿಯುತ್ತಲೇ ಇರುತ್ತದೆ ಎನ್ನಲಾಗಿದೆ’ ಅಂತ ಬರೆದರೆ ಓದುಗರಿಗೆ ಏನೂ ಸಿಗುವುದಿಲ್ಲ. ‘ದೀಪ ಆರುವುದಿಲ್ಲ ಎಂಬುದು ಭಕ್ತರ ನಂಬಿಕೆ’ ಅಂತ ಬರೆದರೆ ಮಾತು ಯಾರದ್ದು ಅಂತ ಗೊತ್ತಾಯಿತು, ನಂಬಿಕೆಗೂ ಮರ್ಯಾದೆ ಕೊಟ್ಟಂತಾಯಿತು. ಜನಸಂಖ್ಯೆಯೂ ಹಾಗೇ. ‘ಲಕ್ಷಾಂತರ ಭಕ್ತರು’ ಅಂತ ಬರೆಯುವ ಮೊದಲು ಎಣಿಸಿದವರು ಯಾರು, ಟಿಕೆಟ್ ಲೆಕ್ಕವಾ, ಅಂದಾಜಾ ಅಂತ ಕೇಳಿಕೊಂಡರೆ ಸಾಕು.

ಹಾಗಂತ ಆ ಪದವನ್ನ ಸುಮ್ನೆ ಬೈಯುವುದೂ ಸರಿಯಲ್ಲ. ಅದು ಹುಟ್ಟಿದ್ದೇ ಎಚ್ಚರಿಕೆಗೆ. ಪೊಲೀಸರು ಹಿಡಿದುಕೊಂಡು ಹೋದ ಮಾತ್ರಕ್ಕೆ ಮನುಷ್ಯ ಕಳ್ಳ ಆಗುವುದಿಲ್ಲ. ಕೋರ್ಟು ಹೇಳುವವರೆಗೆ ಆತ ಆರೋಪಿ, ಅಪರಾಧಿ ಅಲ್ಲ. ಅದನ್ನ ಕಾಪಾಡಲು ನಮಗೊಂದು ದೂರ ಬೇಕು. ಆದರೆ ಅಲ್ಲೂ ‘ಎಂದು ದೂರಿನಲ್ಲಿ ಹೇಳಿದ್ದಾರೆ’ ಅನ್ನಬಹುದು, ‘ಪೊಲೀಸರು ತಿಳಿಸಿದರು’ ಅನ್ನಬಹುದು. ಗೊತ್ತಿದ್ದೂ ಹೆಸರು ಹೇಳದಿರುವುದು ಒಂದು, ಗೊತ್ತೇ ಇಲ್ಲದಿರುವುದು ಇನ್ನೊಂದು. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಕ್ರಿಯಾಪದಕ್ಕೆ ಕಾಯುವುದು

ಪತ್ರಿಕೋದ್ಯಮದ ಕ್ಲಾಸಿನಲ್ಲಿ ಮೊದಲು ಹೇಳಿಕೊಡುವುದು ಆರು ಪ್ರಶ್ನೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಆಮೇಲೆ ತಲೆಕೆಳಗಾದ ಪಿರಮಿಡ್ಡು, ಅಂದರೆ ಮುಖ್ಯವಾದದ್ದು ಮೇಲೆ, ಬಿಟ್ಟರೂ ನಡೆಯುತ್ತೆ ಅನ್ನುವಂಥದ್ದು ಕೆಳಗೆ. ಇದರ ಉಪಯೋಗ ನನಗೆ ಅರ್ಥವಾಗಿದ್ದು ಕ್ಲಾಸಿನಲ್ಲಲ್ಲ, ರಾತ್ರಿ ಹತ್ತು ಗಂಟೆಗೆ ಜಾಹೀರಾತು ಬಂದು ನನ್ನ ಸುದ್ದಿಯ ಕೊನೆಯ ಎರಡು ಪ್ಯಾರಾ ಹಾರಿಹೋದಾಗ. ಕತ್ತರಿ ಯಾವಾಗಲೂ ಬಾಲದ ಕಡೆಯಿಂದಲೇ ಬರುತ್ತದೆ. ಈಗ ಕತ್ತರಿ ಓದುಗರ ಹೆಬ್ಬೆರಳಿನಲ್ಲಿದೆ, ಅಷ್ಟೇ ವ್ಯತ್ಯಾಸ.

ಆದರೆ ಈ ಪಾಠಗಳು ಹುಟ್ಟಿದ್ದು ಇಂಗ್ಲಿಷಿನಲ್ಲಿ. ಅಲ್ಲಿ ಯಾರು, ಏನು ಮಾಡಿದರು ಅನ್ನುವುದು ವಾಕ್ಯದ ಶುರುವಿನಲ್ಲೇ ಬಂದುಬಿಡುತ್ತದೆ. ಉಳಿದದ್ದನ್ನ ಹಿಂದೆ ಎಷ್ಟು ಬೇಕಾದರೂ ಕಟ್ಟಿಕೊಂಡು ಹೋಗಬಹುದು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆರೂ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ತುಂಬಲು ಹೊರಟರೆ ಹೀಗಾಗುತ್ತದೆ: ‘ಸಕಲೇಶಪುರ ತಾಲ್ಲೂಕಿನ ಶಿರಾಡಿ ಘಾಟಿಯ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸೋಮವಾರ ಬೆಳಗ್ಗೆ ಬೆಂಗಳೂರಿನಿಂದ ಮಂಗಳೂರಿಗೆ ತೆರಳುತ್ತಿದ್ದ ಬಸ್ ಹಾಗೂ ಎದುರಿನಿಂದ ಬರುತ್ತಿದ್ದ ಟ್ಯಾಂಕರ್ ನಡುವೆ ಸಂಭವಿಸಿದ ಅಪಘಾತದಲ್ಲಿ ಬಸ್ಸಿನಲ್ಲಿದ್ದ ಇಬ್ಬರು ಪ್ರಯಾಣಿಕರು...’ ಇಲ್ಲಿಗೆ ಬಂದರೂ ಅವರು ಬದುಕಿದ್ದಾರಾ ಇಲ್ವಾ ಗೊತ್ತಿಲ್ಲ. ಮನೆಯವರು ಆ ಬಸ್ಸಿನಲ್ಲಿದ್ದರೆ ಆ ಕೊನೆಯ ಪದದವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಓದಬೇಕು. ‘ಶಿರಾಡಿ ಘಾಟಿಯಲ್ಲಿ ಸೋಮವಾರ ಬೆಳಗ್ಗೆ ಬಸ್ಸಿಗೆ ಟ್ಯಾಂಕರ್ ಡಿಕ್ಕಿ ಹೊಡೆದು ಇಬ್ಬರು ಗಾಯಗೊಂಡರು’ ಅಂತ ನಿಲ್ಲಿಸಿ. ಬಸ್ಸು ಎಲ್ಲಿಂದ ಎಲ್ಲಿಗೆ ಹೊರಟಿತ್ತು ಅನ್ನುವುದು ಎರಡನೇ ವಾಕ್ಯ. ಕನ್ನಡದಲ್ಲಿ ಒಂದು ಒಳ್ಳೆಯ ಲೀಡ್ ಹತ್ತು ಹನ್ನೆರಡು ಪದಕ್ಕೆ ಮುಗಿಯುತ್ತದೆ, ನಮ್ಮ ವಿಭಕ್ತಿ ಪ್ರತ್ಯಯಗಳು ಅಷ್ಟು ಕೆಲಸ ಮಾಡುತ್ತವೆ.

ಸಭೆಯ ವರದಿಯದ್ದು ಇನ್ನೊಂದು ಕತೆ. ‘ಶಿಕ್ಷಣದಿಂದ ಮಾತ್ರ ಸಮಾಜದ ಅಭಿವೃದ್ಧಿ ಸಾಧ್ಯ ಎಂದು ಹೇಳಿದರು’ ಅನ್ನುವ ಸಾಲನ್ನ ನಾನೇ ಎಷ್ಟು ಸಲ ಬರೆದಿದ್ದೇನೋ. ಆ ಸಭೆಯಲ್ಲಿ ಹಳ್ಳಿಯ ಹೈಸ್ಕೂಲಿಗೆ ಎರಡು ಹೊಸ ಕೊಠಡಿ ಮಂಜೂರಾದ ವಿಷಯ ಏಳನೇ ಪ್ಯಾರಾದಲ್ಲಿ ಇರುತ್ತದೆ, ವೇದಿಕೆಯಲ್ಲಿ ಉಪಸ್ಥಿತರಿದ್ದವರ ಹೆಸರಿಗಿಂತ ಸ್ವಲ್ಪ ಮೇಲೆ. ಆ ಹೆಸರುಗಳೂ ಬೇಕು. ಊರಿನ ಪತ್ರಿಕೆಯಲ್ಲಿ ತನ್ನ ಹೆಸರು ನೋಡಿ ಸಂತೋಷಪಡುವುದು ತಪ್ಪಲ್ಲ. ಆದರೆ ಕೊಠಡಿ ಮೊದಲು ಬರಲಿ.

ಪ್ರಶ್ನಾರ್ಥಕ ಚಿಹ್ನೆ

ಇದನ್ನೆಲ್ಲ ಕಲಿತು ಹದಿನಾರು ವರ್ಷವಾಗಿತ್ತು. 2024ರಲ್ಲಿ ನಾನು ಡಿಜಿಟಲ್ ಕಡೆ ಕೆಲಸ ಮಾಡುತ್ತಿದ್ದೆ, ಈಗಲೂ ಅಲ್ಲೇ. ಬೇಸಿಗೆ ಕಾಲಿಡುವ ಹೊತ್ತು. ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ತೆಂಗಿನ ಬೆಳೆಗಾರರೆಲ್ಲ ಬೆಂಬಲ ಬೆಲೆಯ ಕೊಬ್ಬರಿ ಖರೀದಿಗೆ ಹೆಸರು ಬರೆಸಲು ಕಾಯುತ್ತಿದ್ದರು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಕೊಟ್ಟಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಮಾರುಕಟ್ಟೆಯಲ್ಲಿ ಬೆಲೆ ಬಿದ್ದಿದ್ದರಿಂದ ಅದೇ ಅವರಿಗೆ ಆಸರೆ. ಒಂದು ಶುಕ್ರವಾರ ಸಂಜೆ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ಸೋಮವಾರದಿಂದ ನೋಂದಣಿ ಶುರು. ಯಾರು ಕಳಿಸಿದ್ದು ಅಂತಿರಲಿಲ್ಲ. ಅಧಿಕಾರಿಗೆ ಒಂದು ಸಲ ಫೋನ್ ಮಾಡಿದೆ, ತೆಗೆಯಲಿಲ್ಲ. ಬೇರೆಯವರು ಆಗಲೇ ಹಾಕಿಬಿಟ್ಟಿದ್ದರು. ನಾನೂ ಹಾಕಿದೆ. ‘ಕೊಬ್ಬರಿ ಬೆಳೆಗಾರರಿಗೆ ಸಿಹಿ ಸುದ್ದಿ: ಸೋಮವಾರದಿಂದಲೇ ನೋಂದಣಿ?’ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಒಳಗೆ ಒಂದು ‘ಎನ್ನಲಾಗಿದೆ’.

ಸೋಮವಾರ ಬೇರೆ ಕೆಲಸದ ಮೇಲೆ ಅರಸೀಕೆರೆಗೆ ಹೋಗಿದ್ದೆ. ಮಾರುಕಟ್ಟೆ ಯಾರ್ಡಿನ ಹತ್ತಿರ, ಮುಚ್ಚಿದ ಒಂದು ಬಾಗಿಲ ಮುಂದೆ ಮೂವತ್ತು ನಲವತ್ತು ಜನ ನಿಂತಿದ್ದರು. ಕೆಲವರು ಕಲ್ಲು, ಚಪ್ಪಲಿ ಇಟ್ಟು ಸಾಲು ಹಿಡಿದಿದ್ದರು. ಮುಂದುಗಡೆ ಒಬ್ಬ ಯಜಮಾನರು ಕೂತಿದ್ದರು, ಎಪ್ಪತ್ತರ ಹತ್ತಿರದ ವಯಸ್ಸು. ಮಡಿಲಲ್ಲಿ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಪಹಣಿ, ಆಧಾರ್ ಕಾರ್ಡು, ಪಾಸ್ ಬುಕ್ಕು, ಎಲ್ಲದರ ಎರಡೆರಡು ಜೆರಾಕ್ಸು. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟು, ಟಾರ್ ರೋಡಿನವರೆಗೆ ನಡೆದು, ಮೊದಲ ಬಸ್ಸು ಹಿಡಿದು ಬಂದಿದ್ದರು. ಯಾಕೆ ಇಷ್ಟು ಜನ ಅಂತ ಕೇಳಿದ್ದಕ್ಕೆ ಅಂಗಿಯ ಜೇಬಿನಿಂದ ಫೋನ್ ತೆಗೆದು, ಮಗ ಕಳಿಸಿದ್ದು ಅಂತ ನನಗೆ ತೋರಿಸಿದರು. ‘ನೋಡವ್ವ, ಸೋಮವಾರ ಅಂತ ಬರ್ದವ್ರೆ.’

ನನ್ನದೇ ತಲೆಬರಹ. ಕೊನೆಗೆ ಆ ಚಿಹ್ನೆ ಹಾಗೇ ಇತ್ತು. ಅವರು ಅದನ್ನ ಓದಿರಲಿಲ್ಲ. ಯಾಕೆ ಓದಬೇಕು? ಸೋಮವಾರ ಅಂತ ಬರೆದವರು ನಾವು. ಆ ಚಿಹ್ನೆಯನ್ನ ನಾನು ಹಾಕಿದ್ದು ಅವರಿಗೋಸ್ಕರ ಅಲ್ಲ, ನಾಳೆ ತಪ್ಪಾದರೆ ನನಗೊಂದು ದಾರಿ ಇರಲಿ ಅಂತ ನನಗೋಸ್ಕರ ಹಾಕಿಕೊಂಡಿದ್ದೆ. ‘ಯಜಮಾನ್ರೇ, ಇದು ನಾನೇ ಬರೆದಿದ್ದು’ ಅಂದೆ. ಬೈತಾರೆ ಅಂದುಕೊಂಡೆ. ಅವರ ಮುಖ ಅರಳಿತು. ‘ಹಂಗಾರೆ ನಿಮಗೇ ಗೊತ್ತಿರ್ಬೇಕಲ್ಲವ್ವ. ಯಾವತ್ತಿಂದ ಶುರು ಮಾಡ್ತಾರೆ?’

ನನಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಆ ಅಧಿಕಾರಿಗೆ ಮತ್ತೆ ಫೋನ್ ಮಾಡಿದೆ. ಎರಡನೇ ಸಲಕ್ಕೆ ತೆಗೆದರು. ಆದೇಶ ಇನ್ನೂ ಕೈಗೆ ಬಂದಿಲ್ಲ, ದಿನಾಂಕ ಗೊತ್ತಾದ ಮೇಲೆ ತಿಳಿಸ್ತೀವಿ ಅಂದರು. ಎರಡು ನಿಮಿಷದ ಮಾತು. ಶುಕ್ರವಾರ ರಾತ್ರಿ, ಶನಿವಾರ, ಭಾನುವಾರ, ಈ ಎರಡು ನಿಮಿಷಕ್ಕೆ ನನಗೆ ಎಷ್ಟೊಂದು ಹೊತ್ತಿತ್ತು. ಯಜಮಾನರು ಕೇಳಿಸಿಕೊಂಡರು, ಕವರಿನ ಬಾಯಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ‘ಪರ್ವಾಗಿಲ್ಲ ಬುಡವ್ವ’ ಅಂತ ಅವರೇ ನನಗೆ ಸಮಾಧಾನ ಹೇಳಿ ಬಸ್ ಸ್ಟ್ಯಾಂಡ್ ಕಡೆ ಹೊರಟರು. ಒಂದು ದಿನದ ಕೆಲಸ, ಹೋಗಿ ಬರುವ ಬಸ್ ಚಾರ್ಜು. ಅವರ ಜಾಗದಲ್ಲಿ ಸಿಟ್ಟಾದವರು ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸುದ್ದಿಯ ಮೇಲ್ಭಾಗದಲ್ಲಿ ತಿದ್ದುಪಡಿ ಹಾಕಿದೆ, ಏನು ತಪ್ಪಾಗಿತ್ತು ಅಂತ ಬಿಡಿಸಿ ಬರೆದೆ. ಸದ್ದಿಲ್ಲದೆ ಬದಲಾಯಿಸಿಬಿಡುವುದು ಸುಲಭ, ಆದರೆ ಮೊದಲು ಓದಿದವರಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ. ತಿದ್ದಿದ್ದು ಎಷ್ಟು ಜನರಿಗೆ ತಲುಪಿತೋ. ಫೋನಿಂದ ಫೋನಿಗೆ ಹೋದದ್ದನ್ನ ವಾಪಸ್ ಕರೆಯಲು ಆಗುವುದಿಲ್ಲ. ಆಮೇಲೆ ನಿಜವಾದ ದಿನಾಂಕ ಬಂದಾಗ ಬರೆದ ಸುದ್ದಿಯನ್ನ ಆ ಯಜಮಾನರನ್ನೇ ಎದುರಿಗೆ ಕೂರಿಸಿಕೊಂಡ ಹಾಗೆ ಬರೆದೆ. ಯಾವ ಕೇಂದ್ರ, ಎಷ್ಟು ಗಂಟೆಗೆ, ಎಕರೆಗೆ ಎಷ್ಟು ಕ್ವಿಂಟಲ್ ಮಿತಿ, ರೈತರ ಸರ್ಕಾರಿ ನೋಂದಣಿಯಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆ ಇಲ್ಲದವರು ಮೊದಲು ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು. ‘ರೈತರಲ್ಲಿ ಹರ್ಷ’ ಅನ್ನುವ ಸಾಲು ಬರೆಯಲು ಜಾಗವೇ ಇರಲಿಲ್ಲ.

‘ನಾಳೆ’ ಯಾವತ್ತು?

ಕಾಗದದಲ್ಲಿ ಬರೆಯುವುದಕ್ಕೂ ಫೋನಿಗೆ ಬರೆಯುವುದಕ್ಕೂ ಮೂಲದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ, ಆದರೆ ಒಂದು ವಿಷಯ ಮಾತ್ರ ಪೂರ್ತಿ ಬೇರೆ. ಪೇಪರಿನ ತಲೆಯ ಮೇಲೆ ದಿನಾಂಕ ಇರುತ್ತದೆ, ಸಂಜೆಗೆ ಅದು ಬೋಂಡ ಕಟ್ಟುವ ಕಾಗದ. ಡಿಜಿಟಲ್ ಸುದ್ದಿ ಸಾಯುವುದಿಲ್ಲ. ಮಲೆನಾಡಿನವರಿಗೆ ಇದನ್ನ ವಿವರಿಸಬೇಕಾಗಿಯೇ ಇಲ್ಲ. ಜುಲೈ ಮಳೆ ಹಿಡಿದರೆ ಸಾಕು, ‘ನಾಳೆ ಶಾಲೆಗಳಿಗೆ ರಜೆ’ ಅನ್ನುವ ಸುದ್ದಿ ಓಡಾಡುತ್ತದೆ. ಅದು ಈ ವರ್ಷದ್ದಾ, ಹೋದ ವರ್ಷದ್ದಾ? ಸಕಲೇಶಪುರಕ್ಕಾ, ಮೂಡಿಗೆರೆಗಾ, ಇಡೀ ಜಿಲ್ಲೆಗಾ? ಕಾಲೇಜಿಗೂ ಇದೆಯಾ? ರಾತ್ರಿ ಹತ್ತಕ್ಕೆ ಅಮ್ಮಂದಿರು ಬುತ್ತಿಗೆ ನೆನೆಸಬೇಕಾ ಬೇಡವಾ ಅಂತ ಇದನ್ನ ನೋಡಿ ತೀರ್ಮಾನ ಮಾಡುತ್ತಾರೆ. ಅದಕ್ಕೇ ನಮ್ಮ ಡೆಸ್ಕಿನಲ್ಲಿ ಇಂದು, ನಾಳೆ, ನಿನ್ನೆ ಮೂರನ್ನೂ ನಿಲ್ಲಿಸಿದ್ದೇನೆ. ವಾರ, ತಾರೀಖು, ತಾಲ್ಲೂಕಿನ ಹೆಸರು, ಆದೇಶ ಮಾಡಿದವರು ಯಾರು. ಇಷ್ಟು ತಲೆಬರಹ ಮತ್ತು ಮೊದಲ ವಾಕ್ಯದೊಳಗೇ ಬರಬೇಕು, ಯಾಕೆಂದರೆ ಫೋನಿನ ನೋಟಿಫಿಕೇಷನ್‌ನಲ್ಲಿ ಕಾಣುವುದು ಒಂದೆರಡು ಸಾಲು. ಜನ ಹುಡುಕುವುದೂ ಹಾಗೇ, ಊರಿನ ಹೆಸರು ಹಾಕಿ. ‘ಜಿಲ್ಲೆಯ ಈ ಭಾಗದಲ್ಲಿ ರಜೆ, ಇಲ್ಲಿದೆ ಡೀಟೇಲ್ಸ್’ ಅಂತ ಕೊಟ್ಟು ಒಳಗೆ ಕರೆಸಿಕೊಳ್ಳುವುದು ಓದುಗರ ಹೊತ್ತನ್ನ ಕದ್ದ ಹಾಗೆ. ನನಗೆ ಅದನ್ನ ನೋಡಿದರೆ ನಿಜವಾಗಿ ಸಂಕಟವಾಗುತ್ತದೆ.

ಹುಡುಕುವ ಮಾತು ಬಂತಲ್ಲ, ಒಂದು ಸಣ್ಣ ವಿಷಯ. ನಾವೆಲ್ಲ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಲು ಕಲಿತವರು. ಹಳೆಯ ನುಡಿ ಫಾಂಟಿನ ಬರಹವನ್ನ ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ನೋಡಲು ಅಸಹ್ಯ ಅನ್ನುವುದು ಒಂದು ಕಡೆ, ಆ ಪದ ಹಾಕಿ ಹುಡುಕಿದವರಿಗೆ ನಿಮ್ಮ ಸುದ್ದಿ ಸಿಗುವುದೇ ಇಲ್ಲ. ಬದಲಾಯಿಸಿದ ಮೇಲೆ ಒಂದು ಸಲ ಪೂರ್ತಿ ಓದಿ. ಮೇಷ್ಟ್ರ ಹಾಗೆ ಬಾಯಲ್ಲಿ ಓದಿದರೆ ಇನ್ನೂ ಒಳ್ಳೆಯದು.

ಅಂಕಿಯಲ್ಲೂ ಅದೇ ಪ್ರಶ್ನೆ, ಯಾರು ಹೇಳಿದ್ದು, ಅದರ ಅರ್ಥ ಏನು. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಮಳೆಗಾಲದಲ್ಲಿ ದಿನಾ ಬರೆಯುವ ಸುದ್ದಿ ಇದು. ಆದರೂ ಒಳಹರಿವನ್ನ ಟಿಎಂಸಿಯಲ್ಲಿ, ಸಂಗ್ರಹವನ್ನ ಕ್ಯೂಸೆಕ್‌ನಲ್ಲಿ ಬರೆದ ಕಾಪಿಗಳು ನನ್ನ ಕೈಗೆ ಬಂದಿವೆ. ಕ್ಯೂಸೆಕ್ ಅಂದರೆ ಹರಿವು, ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಟಿಎಂಸಿ ಅಡಿ ಅಂದರೆ ನಿಂತ ನೀರಿನ ಲೆಕ್ಕ, ನೂರು ಕೋಟಿ ಘನ ಅಡಿ. ಹತ್ತಿರ ಹತ್ತಿರ 11,600 ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದು ಬಂದರೆ ಒಂದು ಟಿಎಂಸಿ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ತಪ್ಪು ಅಂಕಿ ಕಣ್ಣಿಗೆ ತಾನೇ ಚುಚ್ಚುತ್ತದೆ. ಇನ್ನೊಂದು, ಮೇಲೆ ಹೋದಂತೆ ಜಲಾಶಯ ಅಗಲವಾಗುವುದರಿಂದ ಕೊನೆಯ ಹತ್ತು ಅಡಿಯಲ್ಲಿ ಹಿಡಿಯುವ ನೀರು ತಳದ ಹತ್ತು ಅಡಿಗಿಂತ ಎಷ್ಟೋ ಜಾಸ್ತಿ. ‘ಭರ್ತಿಗೆ ಹತ್ತೇ ಅಡಿ ಬಾಕಿ’ ಅಂತ ಬರೆಯುವಾಗ ಅಣೆಕಟ್ಟಿನ ಕೆಳಗೆ ನದಿ ಪಾತ್ರದಲ್ಲಿ ಪಂಪ್‌ಸೆಟ್ ಇಟ್ಟುಕೊಂಡವರು ಅದನ್ನ ‘ಇನ್ನೇನು ನೀರು ಬಿಡ್ತಾರೆ’ ಅಂತ ಓದಿಕೊಳ್ಳುತ್ತಾರಾ ಅಂತ ಯೋಚಿಸಬೇಕು.

ಹೇಳಬಾರದ ಹೆಸರು

ಕೇಳಿ ತಿಳಿದುಕೊಂಡದ್ದನ್ನೆಲ್ಲ ಬರೆಯಬೇಕು ಅಂತಲೂ ಇಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಅಪರಾಧ. ಹಿಂದೆ ಐಪಿಸಿಯ 228ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಮಕ್ಕಳಾದರೆ ಪೋಕ್ಸೊ, ಬಾಲನ್ಯಾಯ ಕಾಯ್ದೆಗಳೂ ಬರುತ್ತವೆ. ಕಾನೂನು ಎಲ್ಲರಿಗೂ ಗೊತ್ತು. ಆದರೆ ಹೆಸರು ಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವಲ್ಲ, ಅಲ್ಲೇ ಎಡವುವುದು. ಅರವತ್ತು ಮನೆಯ ಊರಿನ ಹೆಸರು ಹಾಕಿ, ‘ಎಂಟನೇ ತರಗತಿ ಓದುತ್ತಿದ್ದ’ ಅಂತ ಬರೆದು, ಅಪ್ಪನ ಕಸುಬನ್ನೂ ಸೇರಿಸಿದರೆ ಏನು ಉಳಿಯಿತು? ಬೆಂಗಳೂರಿನ ಓದುಗರಿಗೆ ಆಕೆ ಯಾರೋ. ನಮ್ಮೂರಿನಲ್ಲಿ ಬೆಳಗ್ಗೆ ಡೈರಿ ಮುಂದೆ ನಿಂತವರಿಗೆಲ್ಲ ಮನೆ ಗೊತ್ತಾಗಿಬಿಡುತ್ತದೆ. ಸಣ್ಣ ಊರಿನಲ್ಲಿ ಬರೆಯುವವರು ಒಂದು ವಿವರ ಹಾಕಿದಾಗ ಅದರ ಜೊತೆ ಪಕ್ಕದ ಮನೆಯವರಿಗೆ ಗೊತ್ತಿರುವ ನಾಲ್ಕು ವಿವರ ತಾನಾಗಿ ಸೇರಿಕೊಳ್ಳುತ್ತವೆ.

ಇದನ್ನ ಆ ರಾತ್ರಿ ಬೇಲೂರಿನ ಹುಡುಗಿಗೆ ನಾನು ಹೇಳಿರಲಿಲ್ಲ. ‘ಯಾರು ಅಂದಿದ್ದು ಅಂತ ಕೇಳ್ಕೊಂಡು ಬಾ, ಹತ್ತೂವರೆವರೆಗೂ ಕಾಯ್ತೀನಿ’ ಅಂದಿದ್ದೆ, ಅಷ್ಟೇ.

ಹತ್ತೂಕಾಲಿಗೆ ಕಾಪಿ ಮತ್ತೆ ಬಂತು. ಮೊದಲನೇ ‘ಎನ್ನಲಾಗಿದೆ’ ಹೋಗಿತ್ತು. ಗಾಯಗೊಂಡ ಹೆಂಗಸಿನ ಗಂಡನ ಜೊತೆ ಮಾತಾಡಿದ್ದಳು, ಏಳು ಗಂಟೆಗೆ ಐದು ನಿಮಿಷ ಇದ್ದಾಗ ಕೂಗು ಕೇಳಿಸಿತು ಅಂತ ಅವರೇ ಹೇಳಿದ್ದರು. ಕಾಲಿಗೆ ಪೆಟ್ಟಾಗಿದೆ, ಹಾಸನಕ್ಕೆ ಕರೆತಂದಿದ್ದಾರೆ, ಜೀವಕ್ಕೆ ತೊಂದರೆ ಇಲ್ಲ ಅಂತ ಡಾಕ್ಟರ್ ಹೇಳಿದ್ದನ್ನೂ ಸೇರಿಸಿದ್ದಳು. ಎರಡನೆಯದೂ ಹೋಗಿತ್ತು. ಆನೆ ಕಾರ್ಯಪಡೆಯ ಸಿಬ್ಬಂದಿ ಹೆಜ್ಜೆ ನೋಡಿ ಹೇಳಿದ್ದು ಬೇರೆಯೇ. ಒಂಟಿ ಸಲಗ ಅಲ್ಲ, ಮರಿ ಜೊತೆಗಿದ್ದ ಹೆಣ್ಣಾನೆ, ಗುಂಪು ಇನ್ನೂ ಪಕ್ಕದ ತೋಟದಲ್ಲೇ ಇದೆ. ಮೊದಲ ಕಾಪಿಯನ್ನ ಹಾಗೇ ಹಾಕಿದ್ದರೆ ಸುತ್ತಲಿನವರು ಒಂದೇ ಆನೆಯ ಲೆಕ್ಕದಲ್ಲಿ ಬೆಳಗ್ಗೆ ಕೆಲಸಕ್ಕೆ ಇಳಿಯುತ್ತಿದ್ದರು. ತಲೆಬರಹದಲ್ಲೇ ಅದನ್ನ ತಂದೆವು.

ಮೂರನೆಯದು ಮಾತ್ರ ಹಾಗೇ ಇತ್ತು. ಫೋನ್ ಮಾಡಿದೆ.

‘ಅಕ್ಕ, ಅದು ಗೊತ್ತಿದೆ. ಕೂಲಿಯವರ ಲೈನ್ ಮನೆಯಲ್ಲಿ ಇಬ್ಬರು ಹೇಳಿದ್ರು, ಬೇರೆ ಬೇರೆ ಕೂರಿಸಿ ಕೇಳ್ದೆ. ಮೆಸೇಜ್ ಬಂದಿದೆ ಅಂತ ಇವರೇ ಹೇಳಿದ್ರಂತೆ, ಆದ್ರೂ ಕೆಲಸ ನೋಡ್ಕೊಳ್ಳೋ ತೋಟದ ರೈಟ್ರು ಬನ್ನಿ ಅಂದ್ರಂತೆ. ಹೆಸರು ಹಾಕ್ಬೇಡಿ ಅಂತ ಕೈ ಹಿಡ್ಕೊಂಡ್ರು ಅಕ್ಕ.’

‘ತೋಟದ ಕಾರ್ಮಿಕ ಮಹಿಳೆಯೊಬ್ಬರು ಅಂತ ಹಾಕೋಣ್ವಾ?’

‘ಆ ತೋಟದಲ್ಲಿ ಅವತ್ತು ಕೆಲಸಕ್ಕೆ ಹೋಗಿದ್ದೇ ಮೂರು ಜನ ಹೆಂಗಸ್ರು. ಒಬ್ರು ಆಸ್ಪತ್ರೆಲಿದ್ದಾರೆ.’

ನನಗೆ ಹೊಳೆದಿರಲಿಲ್ಲ, ಅವಳಿಗೆ ಹೊಳೆದಿತ್ತು. ರೈಟರಿಗೆ, ಮಾಲೀಕರಿಗೆ ಮಾಡಿದೆಯಾ ಅಂತ ಕೇಳಿದೆ. ರೈಟರು ಫೋನ್ ತೆಗೆದಿರಲಿಲ್ಲ, ಮೂರು ಸಲ ಪ್ರಯತ್ನ ಮಾಡಿದ್ದಳು. ಮಾಲೀಕರು ತಮಗೆ ಮೆಸೇಜ್ ತಲುಪಿಲ್ಲ ಅಂದಿದ್ದರು. ಬೆಳಗ್ಗೆ 6.10ಕ್ಕೆ ಕಳಿಸಿದ್ದೇವೆ ಅಂತ ಅರಣ್ಯ ಸಿಬ್ಬಂದಿ ಹೇಳಿದ್ದರು. ಮೂರನ್ನೂ ಒಂದರ ಕೆಳಗೆ ಒಂದು ಇಟ್ಟೆವು. ಮಧ್ಯದಲ್ಲಿ ಆ ವಾಕ್ಯ: ಆನೆ ಇರುವುದು ಗೊತ್ತಿದ್ದೂ ಕೆಲಸಕ್ಕೆ ಕರೆಯಲಾಗಿತ್ತು ಎನ್ನಲಾಗಿದೆ.

ಆ ಇಬ್ಬರ ಹೆಸರನ್ನ ಅವಳು ಫೋನಿನಲ್ಲಿ ಹೇಳಿದಳು. ನನ್ನ ಡೈರಿಯಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಂಡೆ. ಹತ್ತು ಐವತ್ತಕ್ಕೆ ಸುದ್ದಿ ಹೋಯಿತು.